ಹವಳದ ಅಕ್ವೇರಿಯಂ: ಡೋಸ್ ಮಿತಿಮೀರದಂತೆ ನೋಡಿಕೊಳ್ಳುವುದು ಹೇಗೆ?

ಬೆಳಗ್ಗೆ ಎದ್ದು ನೋಡಿದರೆ ಟ್ಯಾಂಕಿನ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗಿದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ಆಡಿಸುತ್ತಿವೆ, ಹವಳಗಳು ಮುದುಡಿಕೊಂಡಿವೆ. ಹತ್ತು ದಿನಕ್ಕೆಂದು ತುಂಬಿಸಿಟ್ಟಿದ್ದ ಡೋಸಿಂಗ್ ಡಬ್ಬಿ (ನೀರಿಗೆ ದಿನವೂ ಅಳತೆಯಲ್ಲಿ ಸೇರಿಸುವ ದ್ರಾವಣದ ಡಬ್ಬಿ) ಒಂದೇ ರಾತ್ರಿಯಲ್ಲಿ ಖಾಲಿಯಾಗಿದೆ. ಮನೆಯಲ್ಲಿ ಹವಳ ಸಾಕುವವರು ತುಂಬ ಹೆದರುವ ದೃಶ್ಯ ಇದು. ಹೆದರಿಕೆಗೆ ಕಾರಣವೂ ಇದೆ. ತಿಂಗಳುಗಟ್ಟಲೆ ಆರೈಕೆ ಮಾಡಿ ಬೆಳೆಸಿದ ಜೀವಿಗಳು ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಇದನ್ನು ಬಹುಮಟ್ಟಿಗೆ ತಡೆಯಬಹುದು. ಪಂಪು, ಟೈಮರ್, ಸೆನ್ಸರ್ ಎಷ್ಟೇ ಒಳ್ಳೆಯದಿರಲಿ, ಒಂದಲ್ಲ ಒಂದು ದಿನ ಕೈಕೊಡುತ್ತದೆ ಎಂದುಕೊಂಡೇ ವ್ಯವಸ್ಥೆ ಮಾಡಬೇಕು. ಟ್ಯಾಂಕಿನ ಬಳಿ ಇಟ್ಟ ಪ್ರತಿ ಡಬ್ಬಿಯನ್ನೂ ನೋಡಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿರುವುದೆಲ್ಲ ಒಂದೇ ಸಲಕ್ಕೆ ನೀರಿಗೆ ಹೋದರೆ ಒಳಗಿನ ಜೀವಗಳು ಉಳಿಯುತ್ತವೆಯೇ? ‘ಇಲ್ಲ’ ಎಂಬ ಉತ್ತರ ಬಂದರೆ ಆ ಡಬ್ಬಿ ಬದಲಾಗಬೇಕು. ಈ ಲೇಖನದ ಸಲಹೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಡೋಸ್ ಯಾಕೆ ಬೇಕು, ಹೆಚ್ಚಾದರೆ ಏನಾಗುತ್ತದೆ?

ಗಟ್ಟಿ ಹವಳಗಳು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೀರಿಕೊಂಡು ತಮ್ಮ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ಸಮುದ್ರದಲ್ಲಿ ಇವು ಮುಗಿಯುವ ಮಾತೇ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ದಿನದಿನಕ್ಕೂ ಕಡಿಮೆಯಾಗುತ್ತವೆ. ಆ ಕೊರತೆ ತುಂಬಲು ಸುಣ್ಣದ ತಿಳಿನೀರು ಬಳಸುವ ಪದ್ಧತಿಯನ್ನು 1970ರ ದಶಕದಲ್ಲಿ ಯೂರೋಪಿನ ಅಕ್ವೇರಿಯಂ ತಜ್ಞ ಪೀಟರ್ ವಿಲ್ಕೆನ್ಸ್ ಜನಪ್ರಿಯಗೊಳಿಸಿದರು. ಹವ್ಯಾಸಿಗಳು ಇದನ್ನು ‘ಕಾಲ್ಕ್’ ಎನ್ನುತ್ತಾರೆ. ಕಾರ್ಬೊನೇಟನ್ನು ಒಂದು ಡಬ್ಬಿಯಲ್ಲಿ, ಕ್ಯಾಲ್ಸಿಯಂ ಅನ್ನು ಇನ್ನೊಂದರಲ್ಲಿ ಇಟ್ಟು ಹಾಕುವ ‘ಟೂ ಪಾರ್ಟ್’ ಪದ್ಧತಿ ಇವತ್ತು ಹೆಚ್ಚು ಬಳಕೆಯಲ್ಲಿದೆ.

ನೀರಿನ ಕಾರ್ಬೊನೇಟ್ ಬಲವನ್ನು ಕೆಎಚ್ ಎಂದು ಅಳೆಯುತ್ತಾರೆ. ಸಮುದ್ರದ ನೀರಿನಲ್ಲಿ ಇದು ಸುಮಾರು 7 ಡಿಗ್ರಿ. ಮನೆಯ ಟ್ಯಾಂಕುಗಳಲ್ಲಿ 7ರಿಂದ 10ರೊಳಗೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು, ಮೆಗ್ನೀಸಿಯಂ 1,300ರ ಆಸುಪಾಸು ಇದ್ದರೆ ಸರಿ.

ಸಮುದ್ರದ ನೀರು ತಡೆಯಬಲ್ಲದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕಾರ್ಬೊನೇಟನ್ನು ಮೊದಲೇ ಹೊತ್ತಿರುತ್ತದೆ. ಅದು ಹರಳುಗಟ್ಟದಂತೆ ಮುಖ್ಯವಾಗಿ ಮೆಗ್ನೀಸಿಯಂ ತಡೆದಿರುತ್ತದೆ. ಕೆಎಚ್ ಅಥವಾ ಪಿಎಚ್ ದಿಢೀರನೆ ಏರಿದರೆ ಆ ತಡೆ ಸೋಲುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಉದುರಲು ಶುರುವಾಗುತ್ತದೆ. ನೀರು ಬೆಳ್ಳಗಾಗುವುದು ಇದರಿಂದಲೇ. ಆ ಪುಡಿ ಹೀಟರ್ ಮೇಲೆ, ಪಂಪಿನ ಒಳಗೆ, ಹವಳದ ಮೈಮೇಲೆ ಕೂರುತ್ತದೆ.

ಪಿಎಚ್ ಏರಿದಾಗ ಕಣ್ಣಿಗೆ ಕಾಣದ ಇನ್ನೊಂದು ಅಪಾಯವೂ ಇದೆ. ನೀರಿನಲ್ಲಿ ಅಮೋನಿಯಾ ಇದ್ದರೆ, ಪಿಎಚ್ 8.1ರಲ್ಲಿ ಅದರ ಸುಮಾರು ಶೇ. 5ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 9 ಮುಟ್ಟಿದರೆ ಕಾಲು ಭಾಗಕ್ಕಿಂತ ಹೆಚ್ಚು ವಿಷವಾಗುತ್ತದೆ. ಮೀನು ಏದುಸಿರು ಬಿಡಲು ಇದೂ ಒಂದು ಕಾರಣವಾಗಬಹುದು.

ಮೊದಲು ಕೇಳಿಕೊಳ್ಳಿ: ನಿಮ್ಮ ಟ್ಯಾಂಕಿಗೆ ಡೋಸ್ ಬೇಕೇ?

ಭಾರತದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ನೇತ್ರಾಣಿ ದ್ವೀಪದಿಂದಾಗಲಿ ಬೇರೆ ಯಾವ ಕಡಲಿನಿಂದಾಗಲಿ ಅವನ್ನು ಕಿತ್ತು ತರುವುದು, ಮಾರುವುದು, ಕೊಳ್ಳುವುದು ಅಪರಾಧ. ಯಾವುದೇ ಜೀವಿಯನ್ನು ಕೊಳ್ಳುವ ಮೊದಲು ಅದು ಎಲ್ಲಿಂದ ಬಂತು, ಅದಕ್ಕೆ ದಾಖಲೆ ಇದೆಯೇ ಎಂದು ಕೇಳಿ.

ಹೀಗೆ ಗಟ್ಟಿ ಹವಳವಿಲ್ಲದೆ ಮೀನು, ಮೃದು ಹವಳ, ಹವಳದಂಥ ಜೀವಿಗಳಾದ ಜೊವಾಂಥಿಡ್‌ಗಳಷ್ಟೇ ಇರುವ ಟ್ಯಾಂಕ್ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಬಹಳ ನಿಧಾನವಾಗಿ ಖರ್ಚು ಮಾಡುತ್ತದೆ. ಒಳ್ಳೆಯ ರೀಫ್ ಉಪ್ಪು ಬಳಸಿ ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಾಯಿಸಿದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಇಂಥ ಟ್ಯಾಂಕಿಗೆ ನಾಲ್ಕು ಚಾನೆಲ್‌ನ ಡೋಸರ್ ಜೋಡಿಸುವುದೆಂದರೆ ಇಲ್ಲದ ಅಪಾಯವನ್ನು ದುಡ್ಡು ಕೊಟ್ಟು ಮನೆಗೆ ತಂದ ಹಾಗೆ. ಏನೂ ಡೋಸ್ ಮಾಡದೆ ಒಂದು ವಾರ ದಿನಾ ಕೆಎಚ್ ಅಳೆದು ನೋಡಿ. ವಾರವಿಡೀ ಅರ್ಧ ಡಿಗ್ರಿಯೂ ಇಳಿಯದಿದ್ದರೆ ಡೋಸಿಂಗ್ ಗೊಡವೆಯೇ ಬೇಡ.

ಬೆಳೆಸಿದ ಗಟ್ಟಿ ಹವಳಗಳನ್ನು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದ ಅಮೆರಿಕದಂಥ ದೇಶಗಳಲ್ಲಿರುವ ಕನ್ನಡಿಗರಿಗೆ ದಿನಾ ಡೋಸ್ ಅನಿವಾರ್ಯವಾಗಬಹುದು. ಮುಂದಿನ ಹೆಜ್ಜೆಗಳು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ತಡೆಯಲು ಒಂಬತ್ತು ಹೆಜ್ಜೆ

1. ನೀರಿನ ನಿಜವಾದ ಪ್ರಮಾಣ ತಿಳಿದುಕೊಳ್ಳಿ. 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಲೆಕ್ಕಕ್ಕೆ 243 ಲೀಟರ್. ಕಲ್ಲು, ಮರಳು, ಗಾಜಿನ ದಪ್ಪ, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ಒಳಗಿರುವ ನೀರು 190 ಲೀಟರ್ ಇರಬಹುದು. ಅಂಗಡಿಯವರು ಹೇಳಿದ 243ನ್ನು ನಂಬಿ ಡೋಸ್ ಹಾಕಿದರೆ ಪ್ರತಿ ಸಲವೂ ಬೇಕಾದ್ದಕ್ಕಿಂತ ಕಾಲು ಭಾಗಕ್ಕೂ ಮೀರಿ ಹೆಚ್ಚು ಬೀಳುತ್ತದೆ. ಟ್ಯಾಂಕ್ ತುಂಬಿಸುವಾಗ ಬಕೆಟ್ ಎಣಿಸಿ ಬರೆದಿಡಿ. ಆಗಲೇ ತುಂಬಿಸಿದ್ದರೆ ಲೆಕ್ಕದ ಮುಕ್ಕಾಲು ಭಾಗ ಹಿಡಿಯಿರಿ. ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಇದ್ದರೆ ಅದರಲ್ಲಿರುವ ನೀರನ್ನೂ ಕೂಡಿಸಿ.

2. ಡಬ್ಬಿಯಲ್ಲಿ ಮೂರು ದಿನದ ಡೋಸ್ ಮಾತ್ರ ಇಡಿ. ಲೆಕ್ಕ ಹೀಗಿದೆ. 200 ಲೀಟರ್ ನೀರಿನ ಕೆಎಚ್ ಒಂದು ಡಿಗ್ರಿ ಏರಲು 6 ಗ್ರಾಂ ಅಡುಗೆ ಸೋಡಾ ಬೇಕು. ನಿಮ್ಮ ಟ್ಯಾಂಕ್ ದಿನಕ್ಕೆ ಒಂದು ಡಿಗ್ರಿ ಖರ್ಚು ಮಾಡುತ್ತದೆ ಎನ್ನೋಣ. ಒಂದು ಲೀಟರ್ ಆರ್‌ಒ ನೀರಿಗೆ 60 ಗ್ರಾಂ ಸೋಡಾ ಕರಗಿಸಿದರೆ ದಿನಕ್ಕೆ 100 ಮಿ.ಲೀ. ಹಾಕಬೇಕಾಗುತ್ತದೆ. ಆ ಇಡೀ ಲೀಟರ್ ಒಮ್ಮೆಲೇ ಹೋದರೆ ಕೆಎಚ್ 8ರಿಂದ 18ಕ್ಕೆ ಹಾರುತ್ತದೆ, ಹವಳ ಉಳಿಯುವುದು ಕಷ್ಟ. ಡಬ್ಬಿಯಲ್ಲಿ 300 ಮಿ.ಲೀ. ಮಾತ್ರ ಇದ್ದರೆ ಕೆಎಚ್ 11ರಲ್ಲಿ ನಿಲ್ಲುತ್ತದೆ. ಹವಳ ಮುನಿಸಿಕೊಳ್ಳಬಹುದು, ಆದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಉಳಿದ 700 ಮಿ.ಲೀ. ಮುಚ್ಚಳ ಹಾಕಿ ಕಪಾಟಿನಲ್ಲಿಡಿ. ಮೂರು ದಿನಕ್ಕೊಮ್ಮೆ ತುಂಬಿಸುವ ಕೆಲಸ ಕಿರಿಕಿರಿಯೇ, ಆದರೂ ಇಷ್ಟು ಅಗ್ಗದ, ಇಷ್ಟು ಖಚಿತವಾದ ರಕ್ಷಣೆ ಬೇರೊಂದಿಲ್ಲ.

3. ದಿನದ ಡೋಸನ್ನು ಹಂಚಿ ಹಾಕಿ. 100 ಮಿ.ಲೀ. ಒಮ್ಮೆಗೇ ಸುರಿಯುವ ಬದಲು ಎರಡು ಗಂಟೆಗೊಮ್ಮೆ ಎಂಟೋ ಒಂಬತ್ತೋ ಮಿ.ಲೀ. ಬೀಳಲಿ. ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ನಡುವೆ ಕನಿಷ್ಠ ಅರ್ಧ ಗಂಟೆ ಅಂತರ ಇರಲಿ. ನೀರು ಜೋರಾಗಿ ಓಡಾಡುವ ಜಾಗದಲ್ಲೇ ಬೀಳಬೇಕು. ಹನಿ ಬಿದ್ದ ಕಡೆ ತೆಳ್ಳಗಿನ ಬಿಳಿ ಎಳೆಯೊಂದು ಕಾಣಿಸಿ ಕೆಲವೇ ಕ್ಷಣಗಳಲ್ಲಿ ಕರಗಿಹೋದರೆ ತೊಂದರೆಯಿಲ್ಲ. ಆ ಎಳೆ ಕರಗದೆ ನೀರಿನ ಜೊತೆ ತೇಲಿ ಮುಂದಕ್ಕೆ ಹೋಗುತ್ತಿದ್ದರೆ ದ್ರಾವಣ ಗಟ್ಟಿಯಾಯಿತು ಅಥವಾ ನೀರಿನ ಓಟ ಸಾಲದು ಎಂದು ತಿಳಿಯಿರಿ.

4. ಸೈಫನ್ ಆಗದಂತೆ ಪೈಪ್ ಕಟ್ಟಿ. ಡೋಸಿಂಗ್ ಪಂಪಿನ ಉರುಳೆ ಪೈಪನ್ನು ಒತ್ತಿ ಹಿಡಿದಿರುವವರೆಗೆ ದ್ರಾವಣ ತಾನಾಗಿ ಹರಿಯುವುದಿಲ್ಲ. ಪೈಪು ಸವೆದರೆ, ಪಂಪಿನ ತಲೆ ಸಡಿಲವಾದರೆ ಆ ಹಿಡಿತ ತಪ್ಪುತ್ತದೆ. ಆಗ ಎತ್ತರದಲ್ಲಿಟ್ಟ ಡಬ್ಬಿ ಪೂರ್ತಿ ಖಾಲಿಯಾಗುವವರೆಗೆ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಡಬ್ಬಿ ಯಾವಾಗಲೂ ಪೈಪಿನ ತುದಿಗಿಂತ ಕೆಳಗಿರಲಿ. ಪೈಪಿನ ತುದಿ ನೀರಿನ ಮಟ್ಟಕ್ಕಿಂತ ಎರಡು ಮೂರು ಸೆಂ.ಮೀ. ಮೇಲಿರಲಿ, ಬೀಳುವ ಹನಿ ಕಣ್ಣಿಗೆ ಕಾಣುವಂತಿರಲಿ. ತುದಿ ಮುಳುಗಿದ್ದರೆ ಟ್ಯಾಂಕಿನ ನೀರೇ ಹಿಂದಕ್ಕೆ ಹರಿದು ಡಬ್ಬಿ ತುಂಬಿ ಚೆಲ್ಲಲೂಬಹುದು.

5. ನಿಧಾನದ ಪಂಪು ಆರಿಸಿ. ಸ್ಮಾರ್ಟ್ ಪ್ಲಗ್ಗಿನೊಳಗಿನ ರಿಲೇ ‘ಆನ್’ ಸ್ಥಿತಿಯಲ್ಲೇ ಅಂಟಿಕೊಂಡಿತು ಎನ್ನೋಣ. ನಿಮಿಷಕ್ಕೆ 1 ಮಿ.ಲೀ. ಹಾಕುವ ಪಂಪು ಎಂಟು ಗಂಟೆಯ ರಾತ್ರಿಯಲ್ಲಿ 480 ಮಿ.ಲೀ. ಹಾಕುತ್ತದೆ. ನಿಮಿಷಕ್ಕೆ 50 ಮಿ.ಲೀ. ಹಾಕುವ ಪಂಪು ಅಷ್ಟೇ ಹೊತ್ತಿನಲ್ಲಿ 24 ಲೀಟರ್ ಸುರಿಯಬಲ್ಲದು.

6. ಎರಡು ಬೀಗ ಇರಲಿ. ಒಂದೇ ಟೈಮರ್ ಅಥವಾ ಒಂದೇ ಆ್ಯಪ್ ನಂಬಿ ಕೂರಬೇಡಿ. ಸ್ಮಾರ್ಟ್ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದ ಸಾದಾ ಪಂಪಾದರೆ, ಅದರ ಹಿಂದೆ 15 ನಿಮಿಷದ ಹಲ್ಲುಗಳಿರುವ ಮೆಕ್ಯಾನಿಕಲ್ ಟೈಮರ್ ಹಾಕಿ. ಎರಡೂ ಒಟ್ಟಿಗೆ ‘ಆನ್’ ಆದಾಗ ಮಾತ್ರ ಪಂಪು ಓಡುತ್ತದೆ. ಒಂದು ಕೆಟ್ಟರೂ ಇನ್ನೊಂದು ತಡೆಯುತ್ತದೆ. ತನ್ನದೇ ಗಡಿಯಾರವಿರುವ ಡೋಸರ್‌ಗೆ ಈ ಉಪಾಯ ಹೊಂದುವುದಿಲ್ಲ, ಪದೇ ಪದೇ ಕರೆಂಟ್ ತಪ್ಪಿದರೆ ಕೆಲವು ಮಾದರಿಗಳ ಸಮಯವೇ ಅಳಿಸಿಹೋಗುತ್ತದೆ. ಅಂಥದ್ದಕ್ಕೆ ದಿನದ ಗರಿಷ್ಠ ಮಿತಿ ನಿಗದಿಪಡಿಸುವ ಸೌಲಭ್ಯ ಇದೆಯೇ ನೋಡಿ, ಇದ್ದರೆ ಬಳಸಿ.

7. ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂದು ಪರೀಕ್ಷಿಸಿ. ಪೈಪಿನ ತುದಿಯನ್ನು ಅಳತೆ ಲೋಟಕ್ಕೆ ಹಾಕಿ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಪಂಪು ಸುಮ್ಮನಿರುತ್ತದೆಯೇ, ಬೆಳಗಿನ ಡೋಸನ್ನು ಇನ್ನೊಮ್ಮೆ ಹಾಕುತ್ತದೆಯೇ? ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಈ ಪರೀಕ್ಷೆ ಮಾಡದೆ ಯಾವ ಡೋಸರನ್ನೂ ಟ್ಯಾಂಕಿಗೆ ಜೋಡಿಸಬೇಡಿ.

8. ತಿಂಗಳಿಗೊಮ್ಮೆ ಪಂಪನ್ನು ಅಳೆಯಿರಿ. 10 ಮಿ.ಲೀ. ಹಾಕಲು ಹೇಳಿ, ಸಿರಿಂಜಿನಲ್ಲಿ ಅಳೆದು ನೋಡಿ. ಪೈಪು ಹಳತಾದಂತೆ ಅಳತೆ ತಪ್ಪುತ್ತದೆ. ಪೈಪು ಬದಲಾಯಿಸಿದ ದಿನ ಮರೆಯದೆ ಮತ್ತೆ ಅಳೆಯಿರಿ, ಯಾಕೆಂದರೆ ಹೊಸ ಪೈಪು ಹಳೆಯದಕ್ಕಿಂತ ಹೆಚ್ಚು ಹಾಕಬಹುದು. ಪೈಪುಗಳಿಗೆ, ಡಬ್ಬಿಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ, ಹೆಸರು ಬರೆಯಿರಿ.

9. ಕಾಲ್ಕ್ ಬಳಸುವವರು ಇನ್ನಷ್ಟು ಜಾಗ್ರತೆಯಿಂದಿರಿ. ತೀರ ತಿಳಿಯಾಗಿ ಕಂಡರೂ ಈ ನೀರಿನ ಪಿಎಚ್ ಸುಮಾರು 12.4. ಒಂದು ಲೀಟರ್ ಗಟ್ಟಿ ಕಾಲ್ಕ್ ನೀರು 200 ಲೀಟರ್ ಟ್ಯಾಂಕಿನ ಕೆಎಚ್ ಅನ್ನು ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಏರಿಸುತ್ತದೆ. ಆವಿಯಾದ ನೀರು ತುಂಬಿಸುವ ಆಟೊ ಟಾಪ್ ಆಫ್ ಡ್ರಮ್ಮಿಗೇ ಕಾಲ್ಕ್ ಬೆರೆಸುವುದು ಹಲವರ ರೂಢಿ. ನೀರಿನ ಮಟ್ಟ ನೋಡಿ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ಚಿಗೆ ಬಸವನಹುಳು ಸಿಕ್ಕಿಕೊಂಡು 25 ಲೀಟರ್ ಒಮ್ಮೆಲೇ ಹೋದರೆ ಕೆಎಚ್‌ಗೆ ಹತ್ತು ಡಿಗ್ರಿಗಿಂತ ಹೆಚ್ಚು ಸೇರುತ್ತದೆ. ಉಪ್ಪಿನಂಶವೂ ಸಾವಿರಕ್ಕೆ 35ರಿಂದ 31ಕ್ಕೆ ಕುಸಿಯುತ್ತದೆ. ಹೀಗಾಗಿ ಆ ಡ್ರಮ್ಮಿನಲ್ಲಿ ಬರೀ ಆರ್‌ಒ ನೀರಿರಲಿ. ಕಾಲ್ಕ್‌ಗೆ ಬೇರೆ ಚಿಕ್ಕ ಡಬ್ಬಿ, ಬೇರೆ ನಿಧಾನದ ಪಂಪು ಇಡಿ. ಲೀಟರಿಗೆ ಎರಡು ಗ್ರಾಂಗಿಂತ ಕಡಿಮೆ ಸುಣ್ಣ ಮಾತ್ರ ಕರಗುತ್ತದೆ, ಉಳಿದದ್ದು ತಳದಲ್ಲಿ ಗಷ್ಟಾಗಿ ನಿಲ್ಲುತ್ತದೆ. ಪಂಪು ಆ ಗಷ್ಟನ್ನು ಎಳೆಯದಂತೆ ಹೀರುವ ತುದಿಯನ್ನು ತಳದಿಂದ ಮೇಲಕ್ಕೆ ಕಟ್ಟಿ. ಪಿಎಚ್ ಪ್ರೋಬ್ ಇದ್ದರೆ 8.5 ದಾಟಿದ ಕೂಡಲೇ ಪಂಪು ನಿಲ್ಲುವಂತೆ ಹೊಂದಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗ್ಯಾಲನ್ನನ್ನು ಲೀಟರ್ ಎಂದು ಓದುವುದು. ಆಮದಾಗುವ ಬಾಟಲಿಗಳ ಮೇಲೆ ‘ಇಷ್ಟು ಗ್ಯಾಲನ್‌ಗೆ ಇಷ್ಟು ಮಿ.ಲೀ.’ ಎಂದಿರುತ್ತದೆ. ಅಮೆರಿಕದ ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಅದನ್ನು ಲೀಟರ್ ಎಂದು ಓದಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಡೋಸ್ ಆಗುತ್ತದೆ. ಬಾಟಲಿ ತಂದ ದಿನವೇ ನಿಮ್ಮ ಟ್ಯಾಂಕಿಗೆ ಎಷ್ಟು ಎಂದು ಲೆಕ್ಕ ಹಾಕಿ ಅದರ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿ.

ಉಪ್ಪಿನಂಶ ನೋಡದೆ ಕ್ಯಾಲ್ಸಿಯಂ ಹಾಕುವುದು. ಉಪ್ಪಿನಂಶ 35ರ ಬದಲು 30 ಇದ್ದರೆ 420 ಇರಬೇಕಾದ ಕ್ಯಾಲ್ಸಿಯಂ 360 ತೋರಿಸುತ್ತದೆ, ಮೆಗ್ನೀಸಿಯಂ ಕೂಡ ಅದೇ ಲೆಕ್ಕದಲ್ಲಿ ಇಳಿದಿರುತ್ತದೆ. ಕೊರತೆಯಿರುವುದು ಉಪ್ಪಿನದು, ಹಾಕುವುದು ಕ್ಯಾಲ್ಸಿಯಂ! ಆಮೇಲೆ ಉಪ್ಪು ಸರಿಪಡಿಸಿದಾಗ ಎಲ್ಲವೂ ಮಿತಿ ಮೀರುತ್ತದೆ. ರಿಫ್ರ್ಯಾಕ್ಟೊಮೀಟರನ್ನು 35ರ ಸ್ಟ್ಯಾಂಡರ್ಡ್ ದ್ರಾವಣದಿಂದ ಸರಿಹೊಂದಿಸಿಕೊಂಡು ಮೊದಲು ಉಪ್ಪಿನಂಶ ಅಳೆಯಿರಿ, ಉಳಿದದ್ದು ಆಮೇಲೆ.

ಒಂದೇ ಪರೀಕ್ಷೆ ನಂಬುವುದು. ಕೆಎಚ್ ಪರೀಕ್ಷೆಯಲ್ಲಿ ಹನಿ ಹನಿಯಾಗಿ ಹಾಕುತ್ತ ಬಣ್ಣ ಬದಲಾಗುವವರೆಗೆ ಎಣಿಸುತ್ತೇವೆ. ಮಂದ ಬೆಳಕಿನಲ್ಲಿ ಎರಡು ಹನಿ ಹೆಚ್ಚುಕಡಿಮೆ ಎಣಿಸಿದರೂ ಲೆಕ್ಕ ತಪ್ಪುತ್ತದೆ, ಅವಧಿ ಮೀರಿದ ಕಿಟ್ ಅಂತೂ ನಂಬಿಕೆಗೆ ಅರ್ಹವೇ ಅಲ್ಲ. ನಿರೀಕ್ಷಿಸದ ಅಂಕಿ ಬಂದರೆ ಇನ್ನೊಮ್ಮೆ ಅಳೆಯಿರಿ, ಸಾಧ್ಯವಾದರೆ ಬೇರೆ ಕಿಟ್‌ನಲ್ಲಿ. ಎರಡೂ ಒಂದೇ ಹೇಳಿದರೆ ಮಾತ್ರ ಡೋಸ್ ಬದಲಾಯಿಸಿ.

ಇಳಿದದ್ದನ್ನು ಒಂದೇ ದಿನದಲ್ಲಿ ಏರಿಸುವುದು. ಕೆಎಚ್ ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಬಾರದು. ಕ್ಯಾಲ್ಸಿಯಂ 20 ಪಿಪಿಎಂ, ಮೆಗ್ನೀಸಿಯಂ 50 ಪಿಪಿಎಂ ಮಿತಿಯಲ್ಲಿದ್ದರೆ ಕ್ಷೇಮ.

ಅಳೆಯಲಾಗದ್ದನ್ನು ಹಾಕುವುದು. ಅಯೋಡಿನ್, ಸ್ಟ್ರಾಂಷಿಯಂ, ಸೂಕ್ಷ್ಮ ಧಾತುಗಳ ಬಾಟಲಿಗಳು ಆಕರ್ಷಕವಾಗಿರುತ್ತವೆ. ನಿಮ್ಮ ಬಳಿ ಅದನ್ನು ಅಳೆಯುವ ಉಪಾಯವಿಲ್ಲದಿದ್ದರೆ ಹಾಕುವುದೇ ಬೇಡ. ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧಿಯನ್ನಂತೂ ಹವಳವಿರುವ ಟ್ಯಾಂಕಿಗೆ ಯಾವ ಕಾರಣಕ್ಕೂ ಹಾಕಬೇಡಿ. ಅದು ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ. ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ಆಮೇಲೆ ಬಿಡುತ್ತವೆ. ರೋಗದ ಮೀನಿಗೆ ಬೇರೆ ಟ್ಯಾಂಕ್ ಮಾಡಿ.

ಅಡುಗೆಮನೆಯ ಡಬ್ಬಿ ತಪ್ಪಿ ಬಳಸುವುದು. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ. ಬೇಕಿಂಗ್ ಪೌಡರಿನಲ್ಲಿ ಹಿಟ್ಟು ಮತ್ತು ಆಮ್ಲದ ಅಂಶ ಇರುತ್ತವೆ. ಗೋಡೆಗೆ ಬಳಿಯುವ ಸುಣ್ಣವನ್ನಾಗಲಿ ಎಲೆಅಡಿಕೆಯ ಸುಣ್ಣವನ್ನಾಗಲಿ ಕಾಲ್ಕ್ ಎಂದು ಬಳಸಬೇಡಿ. ಚಮಚದ ಅಳತೆಯನ್ನು ನಂಬಬೇಡಿ, ಡಿಜಿಟಲ್ ತಕ್ಕಡಿಯಲ್ಲಿ ತೂಗಿ.

ಹೆಚ್ಚಾಗಿಯೇ ಬಿಟ್ಟರೆ ತಕ್ಷಣ ಏನು ಮಾಡಬೇಕು?

1. ಡೋಸಿಂಗ್ ಪಂಪಿನ ಪ್ಲಗ್ ಕಿತ್ತು, ಪೈಪನ್ನು ಟ್ಯಾಂಕಿನಿಂದ ಹೊರಗೆ ತೆಗೆಯಿರಿ. ನೀರು ತಿರುಗಿಸುವ ಪಂಪು, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಯಾವುದನ್ನೂ ನಿಲ್ಲಿಸಬೇಡಿ.

2. ಯಾವ ಡಬ್ಬಿ, ಎಷ್ಟು ಖಾಲಿಯಾಗಿದೆ ಎಂದು ಬರೆದುಕೊಳ್ಳಿ. ಮುಂದಿನ ಲೆಕ್ಕಕ್ಕೆಲ್ಲ ಇದೇ ಆಧಾರ.

3. ಪಿಎಚ್, ಕೆಎಚ್, ಉಪ್ಪಿನಂಶ ಅಳೆಯಿರಿ. ಏರ್ ಪಂಪು ಹಾಕಿ, ಕಿಟಕಿ ತೆರೆಯಿರಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಪಿಎಚ್ ನಿಧಾನಕ್ಕೆ ಇಳಿಯುತ್ತದೆ.

4. ಪಿಎಚ್ 9ರ ಹತ್ತಿರ ಅಥವಾ ಮೇಲಿದ್ದರೆ ಅಂಗಡಿಯಲ್ಲಿ ಸಿಗುವ, ರುಚಿ ಬೆರೆಸದ ಸಾದಾ ಸೋಡಾ ನೀರು ನೆರವಿಗೆ ಬರುತ್ತದೆ. 10 ಲೀಟರ್ ನೀರಿಗೆ 15 ಮಿ.ಲೀ. ಲೆಕ್ಕದಲ್ಲಿ, ಹವಳಗಳಿಂದ ದೂರ, ಸಂಪ್ ಇದ್ದರೆ ಅಲ್ಲಿಗೆ, ನಿಧಾನವಾಗಿ ಬಿಡಿ. ಪಿಎಚ್ ಸುಮಾರು 0.3ರಷ್ಟು ಇಳಿಯಬೇಕು. ಮತ್ತೆ ಅಳೆಯದೆ ಇನ್ನಷ್ಟು ಹಾಕಬೇಡಿ. ತೀಕ್ಷ್ಣ ಆಮ್ಲಗಳ ತಂಟೆ ಬೇಡ.

5. ಪಿಎಚ್ ಸರಿಯಿದ್ದು ಕೆಎಚ್ ಮಾತ್ರ ಏರಿದ್ದರೆ, ಅದೇ ಉಷ್ಣತೆ, ಅದೇ ಉಪ್ಪಿನಂಶದ ಹೊಸ ನೀರಿನಿಂದ ಕಾಲು ಭಾಗ ಬದಲಾಯಿಸಿ. ಕೆಎಚ್ 14 ಇದ್ದು ಹೊಸ ನೀರಿನದು 8 ಇದ್ದರೆ ಒಂದು ಸಲಕ್ಕೆ 12.5ಕ್ಕೆ, ಎರಡನೆಯ ಸಲಕ್ಕೆ ಸುಮಾರು 11.4ಕ್ಕೆ ಇಳಿಯುತ್ತದೆ. ಉಳಿದದ್ದನ್ನು ಹವಳಗಳೇ ಖರ್ಚು ಮಾಡಲಿ, ಡೋಸ್ ನಿಲ್ಲಿಸಿ ಕಾಯಿರಿ.

6. ಕಾರ್ಬೊನೇಟ್ ಹೆಚ್ಚಾಯಿತೆಂದು ಸರಿದೂಗಿಸಲು ಕ್ಯಾಲ್ಸಿಯಂ ಹಾಕಬೇಡಿ. ಬಿಳಿ ಪುಡಿ ಉದುರುವುದು ಇನ್ನೂ ಜೋರಾಗುತ್ತದೆ. ನೀರು ಬೆಳ್ಳಗಾದ ಮೇಲೆ ಕೆಎಚ್ ತಾನಾಗಿ ಕುಸಿಯುವುದೂ ಉಂಟು, ಆದ್ದರಿಂದ ಕೆಲವು ಗಂಟೆಗಳಿಗೊಮ್ಮೆ ಅಳೆಯುತ್ತಿರಿ.

7. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಮಾತ್ರ ಸ್ವಲ್ಪ ಏರಿದ್ದರೆ ಗಾಬರಿ ಬೇಡ, ಡೋಸ್ ನಿಲ್ಲಿಸಿ ಎಂದಿನಂತೆ ನೀರು ಬದಲಾಯಿಸಿದರೆ ಸಾಕು. ಅಯೋಡಿನ್, ಸೂಕ್ಷ್ಮ ಧಾತು ಹೆಚ್ಚಾಗಿದ್ದರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ದೊಡ್ಡ ಪ್ರಮಾಣದಲ್ಲಿ ನೀರು ಬದಲಾಯಿಸಿ. ವೋಡ್ಕಾ, ವಿನೆಗರ್‌ನಂಥ ಕಾರ್ಬನ್ ಡೋಸ್ (ಬ್ಯಾಕ್ಟೀರಿಯಾ ಬೆಳೆಸಲು ಹಾಕುವುದು) ಹೆಚ್ಚಾದರೆ ಅವು ಅತಿಯಾಗಿ ಹೆಚ್ಚಿ ಆಮ್ಲಜನಕ ಕುಸಿಯುತ್ತದೆ, ಹಗಲು ರಾತ್ರಿ ಏರ್ ಪಂಪು ಓಡಲಿ.

8. ತಿಳಿಯಾದ ಮೇಲೆ ಪಂಪು, ಹೀಟರ್‌ಗಳ ಬಿಳಿ ಪದರ ತೆಗೆಯಿರಿ. ಕೆಲವು ದಿನ ಬೆಳಕು ತಗ್ಗಿಸಿ. ಮುದುಡಿದ ಹವಳವನ್ನು ಮುಟ್ಟಿ, ಎತ್ತಿ ನೋಡಬೇಡಿ.

ನಿಮ್ಮ ಮೈಗೂ ಎಚ್ಚರಿಕೆ

ಸುಣ್ಣದ ಪುಡಿ ಮತ್ತು ಕಾಲ್ಕ್ ನೀರು ಕಣ್ಣು, ಚರ್ಮ, ಉಸಿರಿನ ನಾಳವನ್ನು ಸುಡುತ್ತವೆ. ಕೈಗವಸು, ಕನ್ನಡಕ ಹಾಕಿಕೊಂಡೇ ಬೆರೆಸಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇದ್ದು ತಡಮಾಡದೆ ವೈದ್ಯರ ಬಳಿಗೆ ಹೋಗಿ. ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ನೀರು ಬಿಸಿಯಾಗುತ್ತದೆ, ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಿ. ಯಾವ ದ್ರಾವಣವನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳ ಕೈಗೆಟುಕದ ಕಪಾಟಿನಲ್ಲಿ, ಹೆಸರು ಬರೆದು ಇಡಿ.

ಊರಿಗೆ ಹೋಗುವಾಗ

ಪಕ್ಕದ ಮನೆಯವರಿಗೋ ಮನೆಗೆಲಸದವರಿಗೋ ಟ್ಯಾಂಕ್ ಒಪ್ಪಿಸಿ ಹೋಗುವಾಗ ಬಾಟಲಿಗಳನ್ನು ಅವರ ಕೈಗೆ ಕೊಡಬೇಡಿ. ಮೀನಿನ ಆಹಾರವನ್ನು ದಿನದ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಡಿ, ಆವಿಯಾದ ನೀರು ಎಲ್ಲಿಯವರೆಗೆ ತುಂಬಬೇಕು ಎಂದು ಗಾಜಿನ ಮೇಲೆ ಗೆರೆ ಎಳೆದು ತೋರಿಸಿ. ನಾಲ್ಕಾರು ದಿನದ ಪ್ರಯಾಣವಾದರೆ, ಕೆಎಚ್ ನಿಧಾನವಾಗಿ ಇಳಿಯುವ ಟ್ಯಾಂಕುಗಳಲ್ಲಿ ಡೋಸಿಂಗ್ ಪೂರ್ತಿ ನಿಲ್ಲಿಸಿ ಹೋಗಬಹುದು.

ಡೋಸ್ ತಪ್ಪಿದರೆ ಹವಳ ಸತ್ತೇ ಹೋಗುತ್ತದೆ ಎಂಬ ಭಯ ಹೊಸಬರಲ್ಲಿ ಬಹಳ. ಡೋಸ್ ಎರಡು ದಿನ ತಪ್ಪಿದರೆ ಕೆಎಚ್ ಒಂದೆರಡು ಡಿಗ್ರಿ ಇಳಿಯಬಹುದು, ಹವಳದ ಬೆಳವಣಿಗೆ ನಿಧಾನವಾಗಬಹುದು, ನಿಧಾನವಾದಂತೆ ಖರ್ಚೂ ಕಡಿಮೆಯಾಗುತ್ತದೆ. ನಿಮಗೆ ಎಚ್ಚೆತ್ತುಕೊಳ್ಳಲು ಸಮಯ ಸಿಗುತ್ತದೆ. ಹೆಚ್ಚಾದ ಡೋಸ್ ಆ ಸಮಯ ಕೊಡುವುದಿಲ್ಲ, ನೀರಿಗೆ ಹೋದದ್ದನ್ನು ಹಿಂದಕ್ಕೆ ತೆಗೆಯುವ ಸುಲಭ ದಾರಿಯೂ ಇಲ್ಲ. ಆದ್ದರಿಂದ ಕಿಟ್ ಮೇಲೆ ಅನುಮಾನ ಬಂದ ದಿನ, ಪಂಪು ವಿಚಿತ್ರ ಸದ್ದು ಮಾಡಿದ ದಿನ, ಬೆಳಗಿನ ಡೋಸ್ ಹಾಕಿದೆನೋ ಇಲ್ಲವೋ ಎಂದು ನೆನಪಾಗದ ದಿನ ಡೋಸ್ ಹಾಕಬೇಡಿ. ಮರುದಿನ ಬೆಳಗ್ಗೆ ಅಳೆದು ನೋಡಿ, ಆಮೇಲೆ ನಿರ್ಧರಿಸಿ.